ಮಳಖೇಡ ರೋಡ್ ದಾಟುವಾಗ

ಮೊನ್ನೆ ವಾಡಿಯಿಂದ ಸೇಡಂಗೆ ರೈಲಲ್ಲಿ ಹೊರಟಿದ್ದೆ. ಚಿತ್ತಾಪುರ ದಾಟಿ ಮಳಖೇಡ ರೋಡ್ ಸ್ಟೇಷನ್ ಬಂದಾಗ, ಒಂದ್ಸಲ ಇಲ್ಲಿಳಿದು ಕೋಟೆ ನೋಡ್ಬೇಕು ಅಂದೆ. ಪಕ್ಕದ ಸೀಟಿನ ಅಜ್ಜ ನಕ್ಕರು: "ಅಲ್ಲೇನದ ತಮ್ಮಾ ನೋಡ್ಲಿಕ್ಕ? ಸಿಮೆಂಟ್ ಫ್ಯಾಕ್ಟರಿ ಅದ."

"ಕವಿರಾಜಮಾರ್ಗ..." ಅಂದೆ. ಆಮೇಲೆ? ನನ್ನ ಹತ್ತಿರ ಬೇರೆ ಉತ್ತರವೇ ಇರಲಿಲ್ಲ. ನಾಚಿಕೆಯಾಗಿ ಮನೆಗೆ ಬಂದು ಓದಲು ಕೂತೆ.

ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ಶ್ರೀವಿಜಯ ಕವಿರಾಜಮಾರ್ಗ ಬರೆದ. ಇದು ನಮಗೆಲ್ಲ ಗೊತ್ತು. ಅದೇ ರಾಜನನ್ನು ಹೊಗಳಿ ಶುರುವಾಗುವ ಇನ್ನೊಂದು ಪುಸ್ತಕ ಇದೆ: ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ', ಸಂಸ್ಕೃತದ್ದು. ಖಗೋಳದ ಗೊಡವೆಯಿಲ್ಲದೆ ಬರೀ ಗಣಿತ ಹೇಳುವ ಗ್ರಂಥ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಆಗಲೇ ಬರೆದಿದ್ದಾನೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಅಂದದ್ದು ಮಾತ್ರ ತಪ್ಪು. (ನನ್ನ ಪ್ರೋಗ್ರಾಮು ಅದೇ ಜಾಗದಲ್ಲಿ ಎಷ್ಟು ಸಲ ಬಿದ್ದಿಲ್ಲ!) ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಆಯ್ಲರ್, ಲಾಪ್ಲಾಸ್ ಎಲ್ಲ ಬಂದುಹೋದರು. ಈತನ ಹೆಸರು ಒಮ್ಮೆಯೂ ಕೇಳಲಿಲ್ಲ.

ನೂರು ವರ್ಷದ ನಂತರ, ಮುಮ್ಮಡಿ ಕೃಷ್ಣನ ಕಾಲದಲ್ಲಿ, ಪೊನ್ನ ಕನ್ನಡದಲ್ಲಿ, ಪುಷ್ಪದಂತ ಅಪಭ್ರಂಶದಲ್ಲಿ ಬರೆದರು. ಪುಷ್ಪದಂತ ಮಹಾಪುರಾಣ ಮುಗಿಸಿದ್ದು 965ರಲ್ಲಿ, ಇದೇ ಊರಲ್ಲಿ. ಅದಾಗಿ ಏಳೇ ವರ್ಷ... 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಊರನ್ನೇ ಲೂಟಿ ಮಾಡಿದ.

ಇದನ್ನೆಲ್ಲ ಆ ಅಜ್ಜನಿಗೆ ಹೇಳಬೇಕಿತ್ತು. ಸೇಡಂನಲ್ಲಿ ಇಳಿದು ಹೋದರು, ಊರು ಯಾವುದು ಅಂತಲೂ ಕೇಳಲಿಲ್ಲ ನಾನು.