ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ದ್ವಿಭಾಷಾ ಶಿಕ್ಷಣ: ಒಂದು ಚಾರಿತ್ರಿಕ ಅವಲೋಕನ

ಅಮೆರಿಕದಲ್ಲಿ ದ್ವಿಭಾಷಾ ಶಿಕ್ಷಣ 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದ ಕೂಸು ಎಂಬ ತಿಳಿವಳಿಕೆ ಬಲವಾಗಿದೆ. ಅದರ ಚರಿತ್ರೆ ಇನ್ನೂ ನೂರಿಪ್ಪತ್ತು ವರ್ಷ ಹಳೆಯದು. ಪೋಷಕರು ಕೇಳಿದಲ್ಲಿ ಜರ್ಮನ್, ಇಂಗ್ಲಿಷ್ ಎರಡರಲ್ಲೂ ಪಾಠ ಹೇಳಲು ಒಹಾಯೊ ರಾಜ್ಯ 1839ರಲ್ಲೇ ಕಾನೂನು ಮಾಡಿತು. ಮರುವರ್ಷ ಸಿನ್ಸಿನಾಟಿಯಲ್ಲಿ ಅದು ಜಾರಿಗೆ ಬಂತು. 1847ರಲ್ಲಿ ಲೂಸಿಯಾನ ಫ್ರೆಂಚಿಗೂ ಇಂಥ ಅವಕಾಶ ಕೊಟ್ಟಿತು. ಒಹಾಯೊದಲ್ಲಿ ನೆಲೆಸಿದ ಜರ್ಮನರು ಮತದಾರರು, ತೆರಿಗೆದಾರರು. ಅವರ ಬೇಡಿಕೆಯನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಆ ಬಲವಿಲ್ಲದ ಮೂಲನಿವಾಸಿಗಳ ಮಕ್ಕಳ ಪಾಡೇ ಬೇರೆ: 1879ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆರಂಭವಾದ ಕಾರ್ಲೈಲ್ ವಸತಿಶಾಲೆಯಲ್ಲಿ ತಾಯ್ನುಡಿಯಾಡಿದರೆ ಶಿಕ್ಷೆಯಾಗುತ್ತಿತ್ತು. ಭಾಷೆಯ ಭವಿಷ್ಯವನ್ನು ಶಿಕ್ಷಣಶಾಸ್ತ್ರಕ್ಕಿಂತ ಹೆಚ್ಚಾಗಿ ಪೋಷಕರ ರಾಜಕೀಯ ಬಲವೇ ತೀರ್ಮಾನಿಸಿತು ಎಂಬುದು ನನ್ನ ವಾದ.

ಮೊದಲ ಮಹಾಯುದ್ಧದಲ್ಲಿ ಜರ್ಮನರೂ ಆ ಬಲ ಕಳೆದುಕೊಂಡರು. ಎಂಟನೆಯ ತರಗತಿ ದಾಟದ ಮಕ್ಕಳಿಗೆ ವಿದೇಶಿ ಭಾಷೆ ಕಲಿಸುವುದನ್ನು ನೆಬ್ರಾಸ್ಕ 1919ರಲ್ಲಿ ಖಾಸಗಿ ಶಾಲೆಗಳಲ್ಲೂ ಅಪರಾಧವಾಗಿಸಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ ರಾಬರ್ಟ್ ಮೇಯರ್ ಎಂಬ ಲೂಥರನ್ ಶಾಲೆಯ ಶಿಕ್ಷಕರಿಗೆ 25 ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟ್ 1923ರಲ್ಲಿ ಆ ಶಿಕ್ಷೆಯನ್ನು ರದ್ದುಮಾಡಿತು. ಆದರೆ ಇಂಗ್ಲಿಷಿನಲ್ಲೇ ಪಾಠ ನಡೆಯಬೇಕೆಂದು ವಿಧಿಸುವ ರಾಜ್ಯದ ಅಧಿಕಾರವನ್ನು ಅದು ಮುಟ್ಟಲಿಲ್ಲ.

ಹೊಸ ಅಧ್ಯಾಯ ತೆರೆದದ್ದು ಮಯಾಮಿಯಲ್ಲಿ. ಕ್ಯೂಬಾದ ಕ್ರಾಂತಿಯ ನಂತರ ವಲಸೆ ಬಂದವರ ಮಕ್ಕಳಿಗಾಗಿ 1963ರಲ್ಲಿ ಕೋರಲ್ ವೇ ಶಾಲೆ ದಿನದ ಅರ್ಧ ಭಾಗ ಸ್ಪ್ಯಾನಿಷಿನಲ್ಲಿ, ಇನ್ನರ್ಧ ಇಂಗ್ಲಿಷಿನಲ್ಲಿ ಪಾಠ ಆರಂಭಿಸಿತು. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಅದೇ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತರು. ಅರಿಜೋನಾದ ರಫ್ ರಾಕ್‌ನಲ್ಲಿ 1966ರಲ್ಲಿ ಆರಂಭವಾದ ಶಾಲೆಯ ಆಡಳಿತ ನವಾಹೊ ಜನರ ಕೈಯಲ್ಲೇ ಇತ್ತು. ಅವರ ಭಾಷೆ, ಸಂಸ್ಕೃತಿ ಎರಡೂ ಪಾಠವಾದವು.

1968ರ ದ್ವಿಭಾಷಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್, ಯೌವನದಲ್ಲಿ ಟೆಕ್ಸಾಸಿನ ಕಟೂಲದಲ್ಲಿ ಮೆಕ್ಸಿಕನ್ ಮೂಲದ ಬಡಮಕ್ಕಳಿಗೆ ಪಾಠ ಹೇಳಿದ್ದವರು. ಕಾಯ್ದೆ ಹಣ ಒದಗಿಸಿತು, ನಿಜ. ಆದರೆ ಅದು ಗಮನಿಸಿದ್ದು ಇಂಗ್ಲಿಷ್ ಬಾರದ ಬಡ ಮಕ್ಕಳನ್ನು ಮಾತ್ರ. ತಾಯ್ನುಡಿ ಉಳಿಸಿ ಬೆಳೆಸಬೇಕಾದ ಸಂಪತ್ತು ಎಂಬ ಕೋರಲ್ ವೇ ನಿಲುವು ಇಲ್ಲಿ ಮಸುಕಾಯಿತು. ಹಿಂದುಳಿದವರಿಗೆ ಕೊಡುವ ನೆರವಷ್ಟೇ ಉಳಿಯಿತು. ಇದು ಗಂಭೀರ ದೋಷ.

ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾದ ಲಾವ್ ಪ್ರಕರಣದಲ್ಲಿ, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಠ್ಯಕ್ರಮ ಕೊಟ್ಟ ಮಾತ್ರಕ್ಕೆ ಸಮಾನತೆ ಸಿಕ್ಕಂತಲ್ಲ ಎಂದು ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿತು. ಪರಿಹಾರ ಯಾವ ಭಾಷೆಯಲ್ಲಿ ಎಂಬುದನ್ನು ಮಾತ್ರ ಶಾಲೆಗಳಿಗೇ ಬಿಟ್ಟಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ನಿರ್ಬಂಧಿಸಿದರು. ನೆರವು ಎಂದಷ್ಟೇ ಕಂಡದ್ದನ್ನು ಅನಗತ್ಯವೆಂದು ಕಿತ್ತುಹಾಕುವುದು ಸುಲಭವಾಯಿತು. 2016ರಲ್ಲಿ ಅದೇ ರಾಜ್ಯ ಶೇ. 73ರಷ್ಟು ಮತಗಳಿಂದ ಆ ನಿರ್ಬಂಧವನ್ನು ತೆಗೆಯಿತು. ಈ ಸಲದ ಪ್ರಸ್ತಾವದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ಎರಡನೆಯ ಭಾಷೆ ಕಲಿಸುವ ಮಾತಿತ್ತು.