ಮಳೆ ಕಡಿಮೆ ಇರುವ ಊರಲ್ಲೂ ವೈಪರ್ ಹಾಳಾಗುವುದೇಕೆ? ಗಾಜಿನ ಮೇಲಿನ ಗುರುತು ನೋಡಿ ದೋಷ ಪತ್ತೆ ಮಾಡುವ ಬಗೆ

"ನಮ್ಮ ಕಡೆ ಮಳೆ ಬರೋದೇ ಅಪರೂಪ, ಇನ್ನು ವೈಪರ್ ಎಲ್ಲಿ ಸವೆಯುತ್ತೆ?" ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕಾರು ಇಟ್ಟುಕೊಂಡವರಿಗೆ ಹೀಗೆ ಅನ್ನಿಸುವುದು ಸಹಜ. ಕೇಳಲು ಸರಿ ಎನಿಸುವ ಈ ಮಾತು ಎಷ್ಟು ನಿಜ?

ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆನೆರಳಿನ ಬಯಲುಸೀಮೆಯವು. ಇಲ್ಲಿ ಮುಂಗಾರಿನ ಮೊದಲ ತಿಂಗಳುಗಳಲ್ಲಿ ಮೋಡ ಕಟ್ಟಿದಷ್ಟು ಮಳೆ ಸುರಿಯುವುದಿಲ್ಲ. ವರ್ಷದ ಮಳೆಯ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಅಲ್ಲಿಯವರೆಗೆ ವೈಪರ್ ಗಾಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಆಮೇಲೆ ಒಂದು ಸಂಜೆ ಶಿರಾ ಹತ್ತಿರ ಹೆದ್ದಾರಿಯಲ್ಲಿ ಹೋಗುವಾಗ ಜೋರು ಮಳೆ ಹಿಡಿಯುತ್ತದೆ. ವೈಪರ್ ಹಾಕಿದರೆ ಗಾಜಿಗೆ ಮಜ್ಜಿಗೆ ಬಳಿದ ಹಾಗೆ ಆಗುತ್ತದೆ. ಎದುರಿನ ಲಾರಿಯ ಬೆಳಕು ಆ ಮಸುಕಿನಲ್ಲಿ ಚದುರಿ ರಸ್ತೆಯೇ ಕಾಣದಂತಾಗುತ್ತದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಮೂರು ಸೆಕೆಂಡು ಏನೂ ಕಾಣದಿದ್ದರೆ ಕಣ್ಣುಮುಚ್ಚಿಕೊಂಡು 50 ಮೀಟರ್ ಓಡಿಸಿದಂತೆ. ವೈಪರ್ ಸಣ್ಣ ಭಾಗವಾದರೂ ಅದರ ದೋಷ ಸಣ್ಣದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೇ ನಿಯಮ ಇರುವುದೇ ವೈಪರ್ ಬಗ್ಗೆ.

ವೈಪರ್‌ಗೆ ಶತ್ರು ಮಳೆಯಲ್ಲ, ಬಿಸಿಲು

ವೈಪರಿನಲ್ಲಿ ನೀರು ಒರೆಸುವುದು ತೆಳುವಾದ ರಬ್ಬರ್ ಅಂಚು. ಅದು ಮೆತ್ತಗಿದ್ದು ಗಾಜಿನ ಉಬ್ಬಿಗೆ ತಕ್ಕಂತೆ ಬಾಗಬೇಕು. ತೋಳು ಎಡಕ್ಕೆ ಹೋಗುವಾಗ ಅಂಚು ಬಲಕ್ಕೆ ವಾಲಿರುತ್ತದೆ, ಬಲಕ್ಕೆ ತಿರುಗಿದ ಕೂಡಲೇ ಎಡಕ್ಕೆ ಮಗುಚಿಕೊಳ್ಳುತ್ತದೆ. ಹೀಗೆ ಪ್ರತಿ ತಿರುವಿನಲ್ಲೂ ಮಗುಚಿದರೆ ಮಾತ್ರ ನೀರು ಸರಿಯಾಗಿ ಸರಿಯುತ್ತದೆ.

ಬಿಸಿಲಿನ ನೇರಳಾತೀತ ಕಿರಣ, ಕಾದ ಗಾಜಿನ ಬಿಸಿ ಮತ್ತು ಗಾಳಿಯಲ್ಲಿರುವ ಓಝೋನ್ ಮೂರೂ ಸೇರಿ ರಬ್ಬರನ್ನು ಗಟ್ಟಿ ಮಾಡುತ್ತವೆ, ಬಿರುಕು ಬಿಡಿಸುತ್ತವೆ. ವೈಪರ್ ಒಂದು ಸಲವೂ ಓಡದಿದ್ದರೂ ಈ ಹಾನಿ ನಡೆಯುತ್ತಲೇ ಇರುತ್ತದೆ. ಪಾವಗಡದ ಬಿಸಿಲು ಎಂಥದ್ದು ಎಂಬುದಕ್ಕೆ ತಿರುಮಣಿ ಸುತ್ತಮುತ್ತಲ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕೇ ಸಾಕ್ಷಿ. ಅಷ್ಟು ವಿದ್ಯುತ್ ಕೊಡುವ ಬಿಸಿಲೇ ಮನೆ ಮುಂದೆ ನಿಂತ ಕಾರಿನ ರಬ್ಬರನ್ನೂ ದಿನವೂ ಸುಡುತ್ತದೆ.

ಎರಡನೇ ಶತ್ರು ಧೂಳು. ಈ ಭಾಗದ ಬೆಟ್ಟ, ಬಂಡೆ ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಕಲ್ಲು. ಅವು ಸವೆದು ಆದ ಕೆಂಪು ಮರಳು ಮಣ್ಣಿನಲ್ಲಿ ಕ್ವಾರ್ಟ್ಜ್ ಹರಳುಗಳಿರುತ್ತವೆ. ಗಡಸುತನದ ಮೋಸ್ ಮಾಪನದಲ್ಲಿ ಕ್ವಾರ್ಟ್ಜ್ 7, ಗಾಜು ಸುಮಾರು 5.5. ಅಂದರೆ ಈ ಧೂಳಿನಲ್ಲಿರುವ ಕಣ ಗಾಜಿಗಿಂತ ಗಟ್ಟಿ. ಅದು ರಬ್ಬರಿನಲ್ಲಿ ಸಿಕ್ಕಿಕೊಂಡರೆ ವೈಪರ್ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ.

ಮೂರನೆಯದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ ನೀರು ಆರಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣ ಬಿಳಿ ಚುಕ್ಕೆಗಳಾಗಿ ಗಾಜಿನ ಮೇಲೆ ಕೂರುತ್ತದೆ. ಟೀ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೂ ಇದೇ.

ಮೊದಲು ಮಾಡಬೇಕಾದ ಹತ್ತು ನಿಮಿಷದ ಪರೀಕ್ಷೆ

ಮಳೆ ಬರುವ ತನಕ ಕಾಯಬೇಡಿ. ಬೆಳಗಿನ ತಂಪಿನಲ್ಲಿ, ಕಾರು ನಿಂತಿರುವಾಗ ಹೀಗೆ ಮಾಡಿ.

1. ಎಂಜಿನ್ ಆಫ್ ಮಾಡಿ, ಕೀ ತೆಗೆದಿಡಿ. ಗಾಜಿನ ಮೇಲೆ ಧಾರಾಳವಾಗಿ ನೀರು ಸುರಿದು ಧೂಳನ್ನು ಇಳಿಸಿ. ಆಮೇಲೆ ಶುದ್ಧ ಬಟ್ಟೆ ಮತ್ತು ಸ್ವಲ್ಪ ಸೋಪು ನೀರಿನಲ್ಲಿ ತೊಳೆಯಿರಿ.

2. ವೈಪರ್ ತೋಳನ್ನು ನಿಧಾನವಾಗಿ ಎತ್ತಿ. ಕೆಲವು ಕಾರುಗಳಲ್ಲಿ ಬಾನೆಟ್ ಅಂಚು ಅಡ್ಡ ಬರುತ್ತದೆ, ಅಂಥ ಕಾರಿನ ಕೈಪಿಡಿಯಲ್ಲಿ ತೋಳು ಎತ್ತುವ ವಿಧಾನ ಇರುತ್ತದೆ. ಒದ್ದೆ ಬಟ್ಟೆಯಿಂದ ರಬ್ಬರ್ ಅಂಚನ್ನು ಉದ್ದಕ್ಕೂ ಒರೆಸಿ. ಬಟ್ಟೆಗೆ ಕಪ್ಪು ಬರುವುದು ನಿಲ್ಲುವ ತನಕ ಒರೆಸಿ.

3. ಅಂಚನ್ನು ಬೆರಳಿನಿಂದ ಎಡಕ್ಕೂ ಬಲಕ್ಕೂ ಬಾಗಿಸಿ ನೋಡಿ. ಸುಲಭವಾಗಿ ಬಾಗಿ ಮತ್ತೆ ನೆಟ್ಟಗಾದರೆ ಜೀವ ಇದೆ. ಒಂದೇ ಕಡೆ ವಾಲಿ ನಿಂತಿದ್ದರೆ, ಗಟ್ಟಿಯಾಗಿದ್ದರೆ, ಬಿರುಕು ಕಂಡರೆ ಅದರ ಕಾಲ ಮುಗಿದಿದೆ.

4. ತೋಳನ್ನು ಮೆಲ್ಲಗೆ ಇಳಿಸಿ. ಗಾಜಿನ ಮೇಲೆ ನೀರು ಹಾಕಿಸುತ್ತಾ ವೈಪರ್ ಓಡಿಸಿ, ಏನು ಗುರುತು ಉಳಿಯುತ್ತದೆ ಎಂದು ಡ್ರೈವರ್ ಸೀಟಿನಿಂದ ನೋಡಿ.

ಎಷ್ಟೋ ಸಲ ತೊಳೆದು ಒರೆಸಿದ ಮೇಲೆ "ಹಾಳಾಗಿದ್ದ" ವೈಪರ್ ಸರಿಹೋಗುತ್ತದೆ. ಹೋಗದಿದ್ದರೆ ಗಾಜಿನ ಮೇಲಿನ ಗುರುತೇ ದೋಷ ಎಲ್ಲಿದೆ ಎಂದು ಹೇಳುತ್ತದೆ.

ಗುರುತು ಏನು ಹೇಳುತ್ತದೆ?

ತೆಳುವಾದ ಗೆರೆಗಳು: ರಬ್ಬರ್ ಅಂಚಿನಲ್ಲಿ ಮಣ್ಣು ಕೂತಿದೆ ಅಥವಾ ಅಂಚು ಹರಿದಿದೆ. ಒರೆಸಿದ ಮೇಲೂ ಗೆರೆ ಅದೇ ಜಾಗದಲ್ಲಿ ಬಂದರೆ ಬ್ಲೇಡ್ ಬದಲಿಸಿ.

ಒರೆಸದೆ ಬಿಟ್ಟ ಅಗಲವಾದ ಪಟ್ಟಿ: ಆ ಜಾಗದಲ್ಲಿ ಬ್ಲೇಡ್ ಗಾಜಿಗೆ ಒತ್ತುತ್ತಿಲ್ಲ. ಬ್ಲೇಡಿನ ಚೌಕಟ್ಟು ಬಾಗಿರಬಹುದು ಅಥವಾ ತೋಳಿನ ಸ್ಪ್ರಿಂಗ್ ಸಡಿಲವಾಗಿರಬಹುದು. ಹೊಸ ಬ್ಲೇಡ್ ಹಾಕಿದರೂ ಪಟ್ಟಿ ಉಳಿದರೆ ತೋಳನ್ನು ಪರೀಕ್ಷಿಸಬೇಕು.

ಒರೆಸಿದ ಕೂಡಲೇ ಮಂಜಿನಂಥ ಪದರ, ಎದುರು ಬೆಳಕಿಗೆ ಬಣ್ಣಬಣ್ಣವಾಗಿ ಹೊಳೆಯುತ್ತದೆ: ಗಾಜಿನ ಮೇಲೆ ಎಣ್ಣೆಯ ಪದರ ಇದೆ. ಲಾರಿ, ಬಸ್ಸುಗಳ ಹೊಗೆ ಮತ್ತು ರಸ್ತೆಯ ಎಣ್ಣೆ ಅಂಶ ಒಣ ತಿಂಗಳುಗಳಲ್ಲಿ ಕೂತು, ಮೊದಲ ಮಳೆಗೆ ಹರಡಿಕೊಳ್ಳುತ್ತದೆ. ಇದು ವೈಪರ್ ತಪ್ಪಲ್ಲ, ಗಾಜನ್ನೇ ಸೋಪು ನೀರಿನಲ್ಲಿ ಎರಡು ಸಲ ತೊಳೆಯಬೇಕು.

ಎಷ್ಟು ಒರೆಸಿದರೂ ಮಸುಕು ಹೋಗುವುದೇ ಇಲ್ಲ: ಗಾಜಿನ ಒಳಗಡೆ ಬೆರಳಿಟ್ಟು ನೋಡಿ. ಒದ್ದೆಯಾದರೆ ಅದು ಒಳಗಿನ ಆವಿ. ಎ.ಸಿ. ಹಾಕಿ ಗಾಳಿಯನ್ನು ಮುಂದಿನ ಗಾಜಿನ ಕಡೆ ತಿರುಗಿಸಿದರೆ ಕರಗುತ್ತದೆ.

ಕಟಕಟ ಎಂದು ಕುಪ್ಪಳಿಸುತ್ತದೆ: ಅಂಚು ಮಗುಚುತ್ತಿಲ್ಲ. ರಬ್ಬರ್ ಗಟ್ಟಿಯಾಗಿರಬಹುದು ಅಥವಾ ಗಾಜಿಗೆ ಪಾಲಿಶ್, ವ್ಯಾಕ್ಸ್ ಮೆತ್ತಿರಬಹುದು. ಹೊಸ ಬ್ಲೇಡ್ ಒಂದು ದಿಕ್ಕಿಗೆ ಹೋಗುವಾಗ ಮಾತ್ರ ಕುಪ್ಪಳಿಸಿದರೆ ತೋಳು ತಿರುಚಿಕೊಂಡಿದೆ ಎಂದು ಅನುಮಾನಿಸಬಹುದು.

ಒರಟಾದ ಸದ್ದು, ಬಿಳಿ ಚುಕ್ಕೆ: ಗಡಸು ನೀರಿನ ಲವಣ. ಬಿಳಿ ವಿನೆಗರ್ ಅದ್ದಿದ ಬಟ್ಟೆಯನ್ನು ಕೆಲವು ನಿಮಿಷ ಗಾಜಿನ ಮೇಲಿಟ್ಟು ಒರೆಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ವಿನೆಗರಿನ ಆಮ್ಲ ಲವಣವನ್ನು ಕರಗಿಸುತ್ತದೆ. ಕಾರಿನ ಬಣ್ಣದ ಮೇಲೆ ಅದು ಬೀಳದಂತೆ ನೋಡಿಕೊಳ್ಳಿ.

ವೈಪರ್ ಅಲ್ಲಾಡದೇ ಇದ್ದರೆ?

"ಮೋಟಾರ್ ಹೋಗಿದೆ" ಎನ್ನುವ ಮಾತಿಗೆ ಒಪ್ಪುವ ಮುನ್ನ ಕಿವಿ ಕೊಟ್ಟು ಕೇಳಿ. ಬಾನೆಟ್ ಕೆಳಗಿರುವ ಮೋಟಾರ್ ಗುಂಡಗೆ ಸುತ್ತುತ್ತದೆ. ಆ ಸುತ್ತನ್ನು ಹಿಂದೆ ಮುಂದೆ ಆಡುವ ಚಲನೆಯಾಗಿ ಬದಲಿಸುವುದು ಲಿಂಕೇಜ್ ಎಂಬ ಸಲಾಕೆಗಳ ಜೋಡಣೆ. ತೋಳುಗಳು ಅದರ ತುದಿಗೆ ನಟ್‌ನಿಂದ ಬಿಗಿದಿರುತ್ತವೆ.

ಮೋಟಾರ್ ಸದ್ದು ಕೇಳುತ್ತದೆ, ತೋಳು ಅಲ್ಲಾಡುವುದಿಲ್ಲ ಎಂದಾದರೆ ಮೋಟಾರ್ ಸುತ್ತುತ್ತಿದೆ ಎಂದೇ ಅರ್ಥ. ಲಿಂಕೇಜ್ ಕಳಚಿರಬಹುದು ಅಥವಾ ನಟ್ ಸಡಿಲವಾಗಿರಬಹುದು. ಒಂದು ತೋಳು ಓಡಿ ಇನ್ನೊಂದು ನಿಂತಿದ್ದರೆ ಮೊದಲು ನಿಂತ ತೋಳಿನ ಬುಡದ ನಟ್ ನೋಡಿ. ಎಷ್ಟೋ ಸಲ ಅದನ್ನು ಬಿಗಿಮಾಡಿದರೆ ಕೆಲಸ ಮುಗಿಯುತ್ತದೆ, ಸಾವಿರಾರು ರೂಪಾಯಿಯ ಮೋಟಾರ್ ಬೇಕಾಗುವುದಿಲ್ಲ.

ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ. ಅದು ಎಲ್ಲಿದೆ, ಎಷ್ಟು ಆಂಪಿಯರ್‌ನದು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಸುಟ್ಟಿದ್ದರೆ ಅದೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಿ. ಅದೂ ಸುಟ್ಟರೆ ಮತ್ತೆ ಹಾಕಬೇಡಿ, ಎಲ್ಲೋ ವೈರ್ ತಾಗುತ್ತಿದೆ ಅಥವಾ ಮೋಟಾರ್ ಸಿಕ್ಕಿಕೊಂಡಿದೆ. ಫ್ಯೂಸ್ ಸರಿಯಿದ್ದರೆ ರಿಲೇ, ಸ್ವಿಚ್, ವೈರಿಂಗ್, ಕೊನೆಗೆ ಮೋಟಾರ್ ಹೀಗೆ ಒಂದೊಂದಾಗಿ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ.

ನಿಧಾನವಾಗಿ ಓಡಿದರೆ ಲಿಂಕೇಜ್ ಕೀಲುಗಳಲ್ಲಿ ಧೂಳು ತುಂಬಿ ಗ್ರೀಸ್ ಒಣಗಿರಬಹುದು ಅಥವಾ ಬ್ಯಾಟರಿ ದುರ್ಬಲವಾಗಿರಬಹುದು. ಆಫ್ ಮಾಡಿದಾಗ ಕೆಳಗೆ ಬರದೆ ಗಾಜಿನ ನಡುವೆಯೇ ನಿಂತರೆ, ತೋಳನ್ನು ಸ್ವಸ್ಥಾನಕ್ಕೆ ತರುವ ಪಾರ್ಕ್ ಸ್ವಿಚ್‌ನಲ್ಲಿ ದೋಷ ಇರುವ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಅದು ಮೋಟಾರ್ ಜೊತೆಯಲ್ಲೇ ಇರುತ್ತದೆ.

ಗಾಜಿಗೆ ನೀರು ಚಿಮ್ಮದಿದ್ದರೂ ಇದೇ ದಾರಿ. ಪಂಪಿನ ಸದ್ದು ಇದ್ದು ನೀರು ಬರದಿದ್ದರೆ ಟ್ಯಾಂಕ್ ಖಾಲಿ, ಪೈಪ್ ಕಳಚಿದೆ ಅಥವಾ ನಾಜಲ್ ತೂತಿನಲ್ಲಿ ಲವಣ ಕಟ್ಟಿದೆ. ಸಣ್ಣ ಸೂಜಿಯಿಂದ ಬಿಡಿಸಿ, ಮುಂದೆ ಆ ಟ್ಯಾಂಕಿಗೆ ಬೋರ್ ನೀರಿನ ಬದಲು ಶುದ್ಧೀಕರಿಸಿದ ನೀರು ಹಾಕಿ.

ನಂಬಿಕೆಗಳು, ನಿಜಾಂಶ

"ರಬ್ಬರಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದರೆ ಮೆತ್ತಗಾಗುತ್ತದೆ." ಒಂದೆರಡು ದಿನ ಹಾಗೆ ಅನ್ನಿಸಬಹುದು. ಆದರೆ ಎಣ್ಣೆಯಿಂದ ರಬ್ಬರ್ ಉಬ್ಬಿ ಆಕಾರ ಕೆಡುತ್ತದೆ, ಗಾಜಿಗೂ ಎಣ್ಣೆ ಮೆತ್ತಿ ರಾತ್ರಿ ಮಸುಕು ಹೆಚ್ಚುತ್ತದೆ.

"ಅಂಚನ್ನು ಉಜ್ಜುಕಾಗದದಲ್ಲಿ ತಿಕ್ಕಿದರೆ ಹೊಸದಾಗುತ್ತದೆ." ಚೂಪಾಗಿ ಕತ್ತರಿಸಿದ ಅಂಚೇ ವೈಪರಿನ ಪ್ರಾಣ. ತಿಕ್ಕಿದರೆ ಅದೇ ಹೋಗುತ್ತದೆ.

"ಧೂಳು ಕೂತರೆ ವೈಪರ್ ಹಾಕಿದರಾಯಿತು." ಒಣ ಗಾಜಿನ ಮೇಲೆ ಬೇಡವೇ ಬೇಡ. ಗೀರು ಬಿದ್ದ ಗಾಜು ಹಗಲಲ್ಲಿ ಚೆನ್ನಾಗಿಯೇ ಕಾಣಬಹುದು, ರಾತ್ರಿ ಎದುರಿನ ಬೆಳಕಿಗೆ ಪ್ರತಿ ಗೀರೂ ಹೊಳೆಯುತ್ತದೆ. ಆ ಗೀರನ್ನು ಹೊಸ ಬ್ಲೇಡ್ ಅಳಿಸಲಾರದು. ಬೂದಿ, ಮರಳು, ಪಾತ್ರೆ ತಿಕ್ಕುವ ನಾರು ಇವೂ ಗಾಜಿಗೆ ಬೇಡ.

"ಬಿಸಿಲಲ್ಲಿ ತೋಳು ಎತ್ತಿಟ್ಟರೆ ರಬ್ಬರ್ ಉಳಿಯುತ್ತದೆ." ಅರ್ಧ ನಿಜ. ಕಾದ ಗಾಜಿಗೆ ಅಂಟುವುದು ತಪ್ಪುತ್ತದೆ, ಬಿಸಿಲು ಬೀಳುವುದು ತಪ್ಪುವುದಿಲ್ಲ. ಯಾರಾದರೂ ತಗುಲಿಸಿ ತೋಳು ಬಡಿದರೆ ಗಾಜು ಬಿರುಕು ಬಿಡಬಹುದು. ನೆರಳು ಅಥವಾ ಕಾರಿನ ಹೊದಿಕೆ ಇದಕ್ಕಿಂತ ಒಳ್ಳೆಯದು.

"ಗಾಜಿಗೆ ಮೊಟ್ಟೆ ಎಸೆದಾಗ ವೈಪರ್ ಹಾಕಿದರೆ ಶೇ. 92.5ರಷ್ಟು ದೃಷ್ಟಿ ಮರೆಯಾಗುತ್ತದೆ." ವಾಟ್ಸಾಪ್‌ನಲ್ಲಿ ಹಲವು ವರ್ಷದಿಂದ ಸುತ್ತುತ್ತಿರುವ ಸಂದೇಶ ಇದು. ಮೊಟ್ಟೆ ಗಾಜಿಗೆ ಮೆತ್ತಿ ಮಸುಕು ಮಾಡುವುದು ಹೌದು. ಆದರೆ ಎಷ್ಟು ಮೊಟ್ಟೆ, ಎಷ್ಟು ನೀರು, ಯಾವ ಬ್ಲೇಡ್ ಎಂದು ಹೇಳದೆ ಕೊಡುವ ಇಂಥ ನಿಖರ ಸಂಖ್ಯೆಗೆ ಅರ್ಥವಿಲ್ಲ. ಒಣ ತಿಂಗಳುಗಳಲ್ಲಿ ಕೂತ ಎಣ್ಣೆ ಪದರವೂ ಹಾಗೆಯೇ ಮಸುಕು ಮಾಡುತ್ತದೆ. ಅದಕ್ಕೆ ಕಿಡಿಗೇಡಿಗಳು ಬೇಕಿಲ್ಲ.

ಯಾವಾಗ ಬದಲಿಸಬೇಕು?

ಬ್ಲೇಡನ್ನು 6ರಿಂದ 12 ತಿಂಗಳಿಗೊಮ್ಮೆ ಬದಲಿಸಿ ಎಂಬುದು ಸಾಮಾನ್ಯ ಸಲಹೆ. ಬಯಲುಸೀಮೆಯಲ್ಲಿ ಎಷ್ಟು ಸಲ ಓಡಿಸಿದ್ದೀರಿ ಎಂದು ಲೆಕ್ಕ ಹಾಕದೆ, ಎಷ್ಟು ಬೇಸಿಗೆ ಕಂಡಿದೆ ಎಂದು ಲೆಕ್ಕ ಹಾಕಿ. ಬೇಸಿಗೆ ಮುಗಿದ ಮೇಲೊಮ್ಮೆ, ಸೆಪ್ಟೆಂಬರ್ ಮಳೆಗೆ ಮುಂಚೆ ಇನ್ನೊಮ್ಮೆ ಮೇಲಿನ ಪರೀಕ್ಷೆ ಮಾಡಿ. ಕೊಳ್ಳುವಾಗ ಎರಡೂ ಬದಿಯ ಉದ್ದ ಅಳೆದುಕೊಳ್ಳಿ, ಹಲವು ಕಾರುಗಳಲ್ಲಿ ಎರಡೂ ಒಂದೇ ಉದ್ದ ಇರುವುದಿಲ್ಲ. ಬದಲಿಸುವಾಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಬ್ಲೇಡ್ ಇಲ್ಲದ ಕಬ್ಬಿಣದ ತೋಳು ಸ್ಪ್ರಿಂಗ್ ಬಲಕ್ಕೆ ಬಡಿದರೆ ಗಾಜು ಒಡೆಯುತ್ತದೆ.

ಮಳೆಯಲ್ಲಿ ಹೋಗುವಾಗಲೇ ವೈಪರ್ ಕೈಕೊಟ್ಟರೆ "ಇನ್ನೇನು ಊರು ಬಂತು" ಎಂದು ಮುಂದುವರಿಯಬೇಡಿ. ವೇಗ ಇಳಿಸಿ, ಇಂಡಿಕೇಟರ್ ಹಾಕಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು ಪೆಟ್ರೋಲ್ ಬಂಕ್‌ನಂಥ ಬೆಳಕಿರುವ ಜಾಗದಲ್ಲಿ ನಿಲ್ಲಿಸಿ. ಈ ಕಡೆಯ ಮಳೆ ಹೆಚ್ಚಾಗಿ ಜೋರಾಗಿ ಬಂದು ಬೇಗ ಬಿಡುವಂಥದ್ದು, ಅರ್ಧ ಗಂಟೆ ಕಾದರೆ ನಷ್ಟವಿಲ್ಲ.

ಅಂದಹಾಗೆ ಮೊದಲ ಪ್ರಶ್ನೆಗೆ ಉತ್ತರ: ಮಳೆ ಕಡಿಮೆ ಇರುವ ಊರಲ್ಲಿ ವೈಪರ್ ಸವೆಯುವುದು ಕಡಿಮೆ ಇರಬಹುದು, ಒಣಗುವುದು ಹೆಚ್ಚು. ಅದು ಹಾಳಾಗಿದೆಯೇ ಎಂದು ತಿಳಿಯಲು ಒಂದು ಬಕೆಟ್ ನೀರು ಸಾಕು.