ಪಿಲಾತನ ಸೌಟು, ಬೆಂಗಳೂರಿನ ಬೆಳ್ಳಿ



ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಪಿಲಾತನ ಹೆಸರು ಹೇಳುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಆತ ಜುದೇಯದಲ್ಲಿ ಅಚ್ಚು ಹಾಕಿಸಿದ ಪುಟ್ಟ ಕಂಚಿನ ನಾಣ್ಯಗಳು ಇವತ್ತಿಗೂ ಉಳಿದಿವೆ. ಅವುಗಳ ಮೇಲಿನ ಎರಡು ಗುರುತುಗಳನ್ನು ಓದುವುದಕ್ಕೆ ದಕ್ಷಿಣ ಭಾರತದ ಮಣ್ಣಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳೇ ನಮಗೆ ಸಹಾಯ ಮಾಡುತ್ತವೆ.

ಆ ಬೆಳ್ಳಿ ನಮ್ಮ ಹೊಸೂರಿಗೆ ದೂರದ್ದೇನಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೂ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ನಾಣ್ಯಗಳು ದೊರೆತಿವೆ. ಇವನ್ನು ದೆನಾರಿಯಸ್ ಎನ್ನುತ್ತಾರೆ. ಒಂದರ ತೂಕ ನಾಲ್ಕು ಗ್ರಾಮಿಗಿಂತ ಸ್ವಲ್ಪ ಕಡಿಮೆ.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವ ಒಂದು ಬಗೆಯಲ್ಲಿ ಒಂದು ಕಡೆ ಅಗಸ್ಟಸ್‌ನ ತಲೆ ಇದೆ. ಇನ್ನೊಂದು ಕಡೆ ಅವನು ದತ್ತು ತೆಗೆದುಕೊಂಡ ಮೊಮ್ಮಕ್ಕಳು ಗಾಯಸ್ ಮತ್ತು ಲೂಸಿಯಸ್ ನಿಂತಿದ್ದಾರೆ, ನಡುವೆ ಗುರಾಣಿ, ಈಟಿ. ಅವುಗಳ ಮೇಲೆ, ಭೂತಗನ್ನಡಿ ಹಿಡಿದರಷ್ಟೇ ಸರಿಯಾಗಿ ಕಾಣುವಂತೆ, ಒಂದು ಸೌಟು ಮತ್ತು ತುದಿ ಸುರುಳಿಯಾದ ಒಂದು ಕೋಲು. ಸೌಟು ಬಲಿ ಕೊಡುವಾಗ ದ್ರಾಕ್ಷಾರಸ ಎರೆಯುವುದಕ್ಕೆ. ಕೋಲು ಬಿಷಪರ ದಂಡದ ಹಾಗೆ ಕಂಡರೂ ಕುರುಬನದ್ದಲ್ಲ, ಹಕ್ಕಿ ಶಕುನ ನೋಡುವ ರೋಮನ್ ಪುರೋಹಿತನದ್ದು. ಗಾಯಸ್ ಮೊದಲನೆಯ ಪುರೋಹಿತ ವರ್ಗಕ್ಕೆ, ಲೂಸಿಯಸ್ ಎರಡನೆಯದಕ್ಕೆ ಸೇರಿದ್ದ. ಹೆಸರು ಓದಲು ಬಾರದವನಿಗೂ ಚಿತ್ರವೇ ಹೇಳುತ್ತಿತ್ತು.

ಈಗ ಪಿಲಾತನ ನಾಣ್ಯ ನೋಡಿ. ಒಂದರಲ್ಲಿ ಅದೇ ಸೌಟು, ಹಿಂದೆ ಮೂರು ಬಾರ್ಲಿ ತೆನೆ. ಇನ್ನೊಂದರಲ್ಲಿ ಅದೇ ಕೋಲು, ಹಿಂದೆ ಎಲೆಗಳ ಹಾರದೊಳಗೆ ಇಸವಿ. ಗ್ರೀಕರಿಗೆ ಅಕ್ಷರಗಳೇ ಅಂಕಿಗಳು: ಇಯೋಟ ಅಂದರೆ 10, ಝೀಟ ಅಂದರೆ 7. ಎರಡೂ ಸೇರಿದರೆ ತಿಬೇರಿಯಸ್ ಆಳ್ವಿಕೆಯ 17ನೇ ವರ್ಷ. ಅವನು ಪಟ್ಟಕ್ಕೆ ಬಂದದ್ದು ಕ್ರಿ.ಶ. 14ರಲ್ಲಿ, ಆದ್ದರಿಂದ ಇದು ಸುಮಾರು ಕ್ರಿ.ಶ. 30. ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ್ದು ಇದೇ ವರ್ಷಗಳ ಆಸುಪಾಸಿನಲ್ಲಿ.

ಯೆಹೂದ್ಯರನ್ನು ಕೆಣಕಲೆಂದೇ ಪಿಲಾತ ಅನ್ಯಧರ್ಮದ ಗುರುತು ಹಾಕಿಸಿದ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ನಮಗೆ ಅಷ್ಟು ಖಚಿತವಾಗಿ ಹೇಳಲು ಮನಸ್ಸಿಲ್ಲ. ಅದೇ ಗುರುತುಗಳು ಅದಕ್ಕೂ ಮೂವತ್ತು ವರ್ಷ ಹಿಂದೆಯೇ ಬೆಳ್ಳಿಯ ಮೇಲೆ ಊರೂರು ಸುತ್ತಿದ್ದವಲ್ಲ! ಅಧಿಕಾರಿ ಎಂದಿನ ಸರ್ಕಾರಿ ಚಿಹ್ನೆಯನ್ನೇ ಬಳಸಿರಬಹುದು. ಸಂತೆಯಲ್ಲಿ ಅದನ್ನೇ ಹಿಡಿದು ಕಾಳು ಕೊಳ್ಳಬೇಕಾಗಿದ್ದ ಯೆಹೂದ್ಯನಿಗೆ ಹೇಗನಿಸಿತ್ತೋ, ಅದು ಬೇರೆ ಮಾತು.

ಇನ್ನೊಂದು ವಿಷಯ. ಪಿಲಾತನ ನಾಣ್ಯದಲ್ಲಿ ಯಾರ ಮುಖವೂ ಇಲ್ಲ. ತೆರಿಗೆಯ ಪ್ರಶ್ನೆ ಬಂದಾಗ ಯೇಸುಸ್ವಾಮಿ ಕೇಳಿದ್ದು ಯಾರ ಮುಖಮುದ್ರೆ ಎಂದು (ಮಾರ್ಕ 12). ಹಾಗಾಗಿ ಅದು ಚಕ್ರವರ್ತಿಯ ಬೆಳ್ಳಿ ದೆನಾರಿಯಸ್. ತಿಬೇರಿಯಸ್‌ನ ಮುಖ, ಹಿಂದೆ ಕುಳಿತ ಹೆಂಗಸು ಇರುವ ಬಗೆಯನ್ನು ವ್ಯಾಪಾರಿಗಳು ‘ಯೇಸು ನೋಡಿದ ನಾಣ್ಯ’ ಎಂದೇ ಮಾರುತ್ತಾರೆ. ಶುಭಸಂದೇಶ ಚಕ್ರವರ್ತಿಯ ಹೆಸರು ಹೇಳುವುದಿಲ್ಲ, ಅಗಸ್ಟಸ್‌ನದ್ದೂ ಆಗಿರಬಹುದು.

ಈ ಬೆಳ್ಳಿಯ ಮೇಲೆ ಟಂಕಸಾಲೆಯ ಹೆಸರಿಲ್ಲ. ಇಂದಿನ ಫ್ರಾನ್ಸಿನ ಲಿಯಾನ್‌ನಲ್ಲಿ ಚಕ್ರವರ್ತಿಗಳ ಚಿನ್ನ, ಬೆಳ್ಳಿ ಅಚ್ಚಾಗುತ್ತಿತ್ತೆಂದು ಸ್ಟ್ರಾಬೋ ಬರೆದಿಟ್ಟಿದ್ದರಿಂದ ಮತ್ತು ಕೆತ್ತನೆಯ ಶೈಲಿಯಿಂದ ಊರನ್ನು ಗುರುತಿಸುತ್ತಾರೆ. ನಾಲ್ಕನೇ ಶತಮಾನದ ತಾಮ್ರದ ಕಾಸುಗಳಲ್ಲಿ ಮಾತ್ರ ಕೆಳಅಂಚಿನಲ್ಲಿ ಊರಿನ ಅಕ್ಷರಗಳೇ ಸಿಗುತ್ತವೆ. ‘ಎಸ್‌ಎಂಎಎನ್’ ಎಂದಿದ್ದರೆ ಅಂತಿಯೋಕ್ಯ, ಶಿಷ್ಯರನ್ನು ಮೊದಲು ಕ್ರೈಸ್ತರೆಂದು ಕರೆದ ಊರು. ಅದರ ಮುಂದಿನ ಗ್ರೀಕ್ ಅಕ್ಷರ ಎಷ್ಟನೇ ಕಾರ್ಖಾನೆ ಎಂದು ಹೇಳುತ್ತದೆ. ರೋಮನ್ ತಾಮ್ರದ ಕಾಸು ಕರೂರು, ಮಧುರೈ ಕಡೆಯೂ ಸಿಕ್ಕಿದೆ.

ಇದೆಲ್ಲ ನಿಂತಿರುವುದು ಕೂದಲೆಳೆಯಷ್ಟು ಎತ್ತರದ ಗೆರೆಗಳ ಮೇಲೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ನಾಣ್ಯ ಫಳಫಳ ಹೊಳೆಯುತ್ತದೆ, ಅಕ್ಷರ ಹೋಗುತ್ತದೆ. ನಮ್ಮ ಕಡೆ ಲೇಔಟಿಗೆ, ಬಾವಿಗೆ, ಪಾಯಕ್ಕೆ ಅಗೆಯುವುದು ನಡೆದೇ ಇದೆ. ಏನಾದರೂ ಸಿಕ್ಕರೆ ತೊಳೆಯದೆ, ಸಿಕ್ಕ ಜಾಗದ ಫೋಟೋ ತೆಗೆದು ಇಟ್ಟುಕೊಳ್ಳಿ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಕೃಷ್ಣಗಿರಿಯಲ್ಲಿ ಸರ್ಕಾರಿ ಮ್ಯೂಸಿಯಂ ಕೂಡ ಇದೆ.